ಕೆಂಪಡಿಕೆ, ಚಾಲಿಯಲ್ಲಿ ವಂಶವಾಹಿ ಲೆಕ್ಕ

ಅಪ್ಪ ಪಾಸಿಟಿವ್, ಅಮ್ಮ ಪಾಸಿಟಿವ್, ಹುಟ್ಟಿದ ಮಗು ನೆಗೆಟಿವ್. ರಕ್ತದ ಗುಂಪಿನ ರಿಪೋರ್ಟ್ ಕೈಗೆ ಬಂದ ದಿನ ‘ಇದು ಯಾರ ಕಡೆಯದ್ದು?’ ಎಂಬ ಮಾತು ಏಳುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಇಂಥ ಪಂಚಾಯ್ತಿಕೆ ನಾನೇ ಕೇಳಿದ್ದೇನೆ. ಕೊನೆಗೆ ತಪ್ಪು ಬೀಳುವುದು ಸಾಮಾನ್ಯವಾಗಿ ಸೊಸೆಯ ತವರಿನ ಮೇಲೆ. ಉತ್ತರ ಅಲ್ಲೇ ರಾಶಿ ಬಿದ್ದಿರುವ ಅಡಿಕೆಯಲ್ಲೇ ಸಿಗುತ್ತದೆ.

ಮೊದಲು ಎರಡು ಡಬ್ಬಿ ತೆಗೆದುಕೊಳ್ಳಿ. ಒಂದು ಅಪ್ಪನದು, ಇನ್ನೊಂದು ಅಮ್ಮನದು. ಎರಡಕ್ಕೂ ಒಂದೊಂದು ಕೆಂಪಡಿಕೆ, ಒಂದೊಂದು ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ ಬಿಳಿ ಅಡಿಕೆ) ಹಾಕಿ. ನಮ್ಮ ಜೀವಕೋಶದಲ್ಲಿ 23 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲಿ ಒಂದು ಅಪ್ಪನಿಂದ, ಒಂದು ಅಮ್ಮನಿಂದ ಬಂದದ್ದು. ರಕ್ತ ಪಾಸಿಟಿವೋ ನೆಗೆಟಿವೋ ಎಂದು ತೀರ್ಮಾನಿಸುವ ವಂಶವಾಹಿ ಇರುವುದು ಒಂದನೇ ಜೋಡಿಯಲ್ಲಿ. ಕೆಂಪು ಎಂದರೆ ಆ ವಂಶವಾಹಿಯ ಪಾಸಿಟಿವ್ ಮಾಡುವ ಪ್ರತಿ, ಚಾಲಿ ಎಂದರೆ ಆ ಗುಣವಿಲ್ಲದ ಪ್ರತಿ. ಒಂದು ಕೆಂಪಿದ್ದರೆ ಸಾಕು, ರಿಪೋರ್ಟಿನಲ್ಲಿ ಪಾಸಿಟಿವ್. ಎರಡೂ ಚಾಲಿಯಾದರೆ ಮಾತ್ರ ನೆಗೆಟಿವ್.

ಈಗ ಕಣ್ಣು ಮುಚ್ಚಿ ಎರಡೂ ಡಬ್ಬಿಯಿಂದ ಒಂದೊಂದು ಅಡಿಕೆ ಎತ್ತಿ. ಆ ಜೋಡಿಯೇ ಮಗು. ಬರೆದುಕೊಂಡು, ಅಡಿಕೆಯನ್ನು ಅದದೇ ಡಬ್ಬಿಗೆ ವಾಪಸ್ ಹಾಕಿ, ಕುಲುಕಿ, ಮತ್ತೆ ಎತ್ತಿ. ನಲವತ್ತು ಸಲ ಆಗಲಿ. (ಅಡಿಕೆ ಮನೆಯವರಿಗೆ ಒಂದು ಸೂಚನೆ: ನಿಮ್ಮ ಬೆರಳಿಗೆ ಚಾಲಿ ಯಾವುದು, ಕೆಂಪು ಯಾವುದು ಎಂದು ನೋಡದೆಯೂ ತಿಳಿಯುತ್ತದೆ. ಎತ್ತುವ ಕೆಲಸ ಪೇಟೆಯಿಂದ ಬಂದ ನೆಂಟರಿಗೆ ಕೊಡಿ.)

ಮೂವತ್ತರ ಆಸುಪಾಸು ಪಾಸಿಟಿವ್, ಹತ್ತರ ಆಸುಪಾಸು ನೆಗೆಟಿವ್ ಬರಬೇಕು. ಇಪ್ಪತ್ತೇಳು–ಹದಿಮೂರು ಬಂದರೆ ಗಾಬರಿ ಬೇಡ, ಎಣಿಕೆ ಕಡಿಮೆಯಾದಷ್ಟೂ ಏರುಪೇರು ಜಾಸ್ತಿ. ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿದ್ದ ಗ್ರೆಗರ್ ಮೆಂಡೆಲ್ ಇದನ್ನೇ ಬಟಾಣಿಯಲ್ಲಿ ಮಾಡಿದ. ಎರಡನೇ ತಲೆಮಾರಿನಲ್ಲಿ ಅವನು ಎಣಿಸಿದ್ದು 7324 ಕಾಳು. 5474 ಗುಂಡಗೆ, 1850 ಸುಕ್ಕು. ಭಾಗಿಸಿ ನೋಡಿ, ಹೆಚ್ಚುಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಅಚ್ಚಾದ ಆ ಲೆಕ್ಕವನ್ನು 1900ರವರೆಗೆ ಹೆಚ್ಚಿನವರು ಕಣ್ಣೆತ್ತಿಯೂ ನೋಡಲಿಲ್ಲ.

ಒಂದು ಎಚ್ಚರ. ಮೂರು ಮಕ್ಕಳು ಪಾಸಿಟಿವ್ ಆದರು, ನಾಲ್ಕನೆಯದು ನೆಗೆಟಿವ್ ಆಗಲೇಬೇಕು ಎಂದಲ್ಲ. ಅಡಿಕೆಗೆ ಸರದಿ ಗೊತ್ತಿಲ್ಲ. ಪ್ರತಿ ಸಲವೂ ಡಬ್ಬಿ ಹೊಸದೇ.

ಆಟ ಮುಗಿದ ಮೇಲೆ ಮನೆತನದ ನಕ್ಷೆಗೆ ಬನ್ನಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ದಂಪತಿಗೆ ಅಡ್ಡಗೆರೆ, ಮಕ್ಕಳಿಗೆ ಇಳಿಗೆರೆ. ರಿಪೋರ್ಟ್ ಇದ್ದವರದ್ದು ಮಾತ್ರ ತುಂಬಿ, ನೆನಪಿನ ಮೇಲೆ ಬೇಡ. ಅಪ್ಪನ ತಾಯಿ ನೆಗೆಟಿವ್ ಆಗಿದ್ದರೆ ಪಾಸಿಟಿವ್ ಆದ ಅಪ್ಪನ ಡಬ್ಬಿಯಲ್ಲೂ ಒಂದು ಚಾಲಿ ಖಂಡಿತ ಇದೆ. ಮಗು ನೆಗೆಟಿವ್ ಆದರೆ ಅಪ್ಪ, ಅಮ್ಮ ಇಬ್ಬರೂ ಒಂದೊಂದು ಚಾಲಿ ಕೊಟ್ಟಿದ್ದಾರೆ. ಸೊಸೆಯೊಬ್ಬಳ ತಲೆಗೆ ಕಟ್ಟಲು ಬರುವುದೇ ಇಲ್ಲ.

ಎ, ಬಿ, ಒ ಗುಂಪಿಗೆ ಮೂರು ಬಗೆಯ ಪ್ರತಿ ಬೇಕು. ಒ ಅಡಗಿ ಕೂರುತ್ತದೆ. ಎ ಮತ್ತು ಬಿ ಜೊತೆಯಾದರೆ ಎರಡೂ ಕಾಣುತ್ತವೆ. ಹಾಗಾಗಿ ಎ ಅಪ್ಪ, ಬಿ ಅಮ್ಮನಿಗೆ ಒ ಮಗು ಹುಟ್ಟುವುದರಲ್ಲಿ ವಿಚಿತ್ರವೇನೂ ಇಲ್ಲ. ಎತ್ತರ, ಮೈಬಣ್ಣ, ಸಕ್ಕರೆ ಕಾಯಿಲೆಯನ್ನು ಮಾತ್ರ ಈ ಎರಡು ಡಬ್ಬಿಯಲ್ಲಿ ಹುಡುಕಬೇಡಿ. ಅಲ್ಲಿ ಹತ್ತಾರು, ನೂರಾರು ವಂಶವಾಹಿಗಳ ಜೊತೆ ಊಟ, ದುಡಿಮೆ, ಬಿಸಿಲೂ ಸೇರುತ್ತವೆ.

ಮೇಲುಗೈ ಪಡೆಯುವ ಪ್ರತಿ ಎಂದರೆ ಒಳ್ಳೆಯದು ಎಂದೂ ಅಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಸೊಂಟ, ಮೊಣಕಾಲಿನ ಕೀಲು ಸವೆಯುವ ಕಾಯಿಲೆ ಕಂಡಾಗ ಗದ್ದೆಯ ಏಡಿ, ಕೀಟನಾಶಕದ ಮೇಲೆ ಅನುಮಾನ ಹೋಗಿತ್ತು. ಆಮೇಲೆ ಕುಟುಂಬಗಳ ನಕ್ಷೆ ಹಾಕಿದಾಗ ಅದು ವಂಶವಾಹಿಯದ್ದು ಎಂದು ತಿಳಿಯಿತು. ಅಲ್ಲಿ ಕಾಯಿಲೆಯೇ ಕೆಂಪಡಿಕೆ: ಅಂಥ ಒಂದು ಪ್ರತಿ ಇರುವವರ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಕೊನೆಯ ಹೆಜ್ಜೆ ಬಸುರಿಯರಿಗೆ. ನಕ್ಷೆಯಲ್ಲಿ ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಇದ್ದರೆ ಗುರುತು ಹಾಕಿ, ಮೊದಲ ತಪಾಸಣೆಯಲ್ಲೇ ಡಾಕ್ಟರಿಗೆ ಹೇಳಿ. ಮಗು ಪಾಸಿಟಿವ್ ಆದರೆ ತಾಯಿಯ ದೇಹ ಅದರ ರಕ್ತದ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ಕಟ್ಟಿಕೊಳ್ಳಬಹುದು. ಪೆಟ್ಟು ಬೀಳುವುದು ಸಾಮಾನ್ಯವಾಗಿ ಮುಂದಿನ ಮಗುವಿಗೆ. ತಡೆಯಲು ಆಂಟಿ-ಡಿ ಇಂಜೆಕ್ಷನ್ ಇದೆ: 28ನೇ ವಾರದ ಸುಮಾರಿಗೆ ಒಂದು, ಪಾಸಿಟಿವ್ ಮಗು ಹುಟ್ಟಿದ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತವಾದರೂ ಇದನ್ನು ಕೇಳಲು ಮರೆಯಬೇಡಿ. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟುವ ಊರು ನಿಮ್ಮದಾದರೆ, ಔಷಧಿ ಹತ್ತಿರದ ಆಸ್ಪತ್ರೆಯಲ್ಲಿ ಸಿಗುತ್ತದೋ ಶಿವಮೊಗ್ಗಕ್ಕೇ ಹೋಗಬೇಕೋ ಎಂದು ದಿನ ತುಂಬುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.