ಗಮ್ ಗ್ರಾಫ್ಟ್ ಮಾಡಿಸುವವರು ಮೊದಲೇ ಅಂಗುಳಕ್ಕೊಂದು ಪ್ಲೇಟ್ ಕೇಳಿ

ವಸಡು ಸರಿದು ಹಲ್ಲಿನ ಬೇರು ಕಾಣುತ್ತಿದೆ ಅಂತ, ಸಾಮಾನ್ಯವಾಗಿ ಅಂಗುಳದಿಂದ ತುಣುಕು ತೆಗೆದು ಅಲ್ಲಿಗೆ ಕಸಿ ಮಾಡುವ ಗಮ್ ಗ್ರಾಫ್ಟ್‌ಗೆ ಹೊರಟಿದ್ದರೆ, ಆಪರೇಷನ್‌ಗೆ ಮೊದಲೇ ಬಾಯಿಯ ಅಳತೆ ಕೊಟ್ಟು ಅಂಗುಳ ಮುಚ್ಚುವ ತೆಳು ಪ್ಲಾಸ್ಟಿಕ್ ಪ್ಲೇಟ್ ಮಾಡಿಸಿಕೊಳ್ಳಿ. ಕಸಿ ಕೂರಿಸಿದ ಜಾಗಕ್ಕಿಂತ ತುಣುಕು ತೆಗೆದ ಅಂಗುಳವೇ ಸಾಮಾನ್ಯವಾಗಿ ಹೆಚ್ಚು ನೋಯುತ್ತದೆ. ಪ್ಲೇಟ್ ಇದ್ದರೆ ನಾಲಿಗೆ, ಅನ್ನ ಗಾಯಕ್ಕೆ ತಾಗುವುದಿಲ್ಲ, ಮೇಲಿನ ಒತ್ತಡಕ್ಕೆ ರಕ್ತವೂ ಬೇಗ ನಿಲ್ಲುತ್ತದೆ. ಅಂಗುಳದಿಂದ ತೆಗೆಯದೆ ಹೊರಗಿನಿಂದ ತಂದ ಸಿದ್ಧ ಅಂಗಾಂಶ ಬಳಸುವುದಾದರೆ ಇದು ಬೇಕಿಲ್ಲ. ಪ್ಲೇಟ್ ಹಾಕಿಯೂ ರಕ್ತ ಬರುತ್ತಿದ್ದರೆ ಗಾಯಕ್ಕೆ ಕಟ್ಟುವ ಜಾಳು ಬಟ್ಟೆ (gauze) ಒದ್ದೆ ಮಾಡಿ ಇಟ್ಟು 20 ನಿಮಿಷ ಒತ್ತಿ ಹಿಡಿಯಿರಿ, ಆಗಲೂ ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಊಟಕ್ಕೆ ಆರಿದ ರಾಗಿ ಅಂಬಲಿ, ಮೊಸರನ್ನ ಸಾಕು. ಮೊಸರನ್ನಕ್ಕೆ ಒಗ್ಗರಣೆ ಮಾತ್ರ ಬೇಡವೇ ಬೇಡ, ಸಾಸಿವೆ ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಟ್ರಾ, ಬೀಡಿ ಸಿಗರೇಟು ಮುಟ್ಟಬೇಡಿ. ಡಾಕ್ಟರು ಹೇಳುವವರೆಗೂ ಕಸಿ ಮಾಡಿದ ಜಾಗಕ್ಕೆ ಬ್ರಷ್ ತಾಗಿಸದೆ, ಅವರು ಕೊಟ್ಟ ಔಷಧಿಯಲ್ಲಿ ಬಾಯಿ ಮುಕ್ಕಳಿಸಿ. ಮೊದಲ ವಾರ ಕಸಿ ಬೆಳ್ಳಗೆ ಕಂಡರೆ ಗಾಬರಿ ಬೇಡ, ಹೊಸ ರಕ್ತನಾಳ ಕೂಡುವವರೆಗೆ ಹಾಗೆಯೇ ಇರುತ್ತದೆ. ಆದರೆ ಅದನ್ನು ನೋಡಲು ತುಟಿ ಎಳೆಯಬೇಡಿ, ಕಸಿ ಜರುಗಿಬಿಟ್ಟರೆ ಹಿಡಿಯುವುದಿಲ್ಲ.