ಹಳೆಯ ಏರ್‌ಸ್ಟ್ರೀಮ್: ಕೊಳ್ಳುವ ಮುನ್ನ ನೆಲ ನೋಡಿ, ಎಳೆಯುವ ಮುನ್ನ ಚಕ್ರ ಬಿಚ್ಚಿ

ಅಮೆರಿಕದ ಹಳ್ಳಿಗಾಡಿನಲ್ಲಿ, ಕಣಜದ ಹಿಂದೆ ಹುಲ್ಲು ಬೆಳೆದ ಜಾಗದಲ್ಲಿ, 1960–70ರ ದಶಕದ ಏರ್‌ಸ್ಟ್ರೀಮ್ ಕಂಪನಿಯ ಕ್ಯಾರವಾನ್‌ಗಳು (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಗಳು) ಈಗಲೂ ಮಾರಾಟಕ್ಕೆ ಸಿಗುತ್ತವೆ. ಅಲ್ಲಿ ನೆಲೆಸಿ, ಅಂಥದ್ದೊಂದನ್ನು ಕೊಂಡು ಸರಿಮಾಡಿ ಕುಟುಂಬದೊಂದಿಗೆ ಸುತ್ತಾಡುವ ಯೋಚನೆಯಲ್ಲಿರುವ ಕನ್ನಡಿಗರಿಗೆ ಈ ಲೇಖನ.

ಎಲ್ಲರ ಕಣ್ಣೂ ಮೊದಲು ಹೋಗುವುದು ಬೆಳ್ಳಿಬಣ್ಣದ ಹೊರಮೈಗೆ. ಮೋಸ ಹೋಗುವುದೂ ಅಲ್ಲೇ. ಮಂಕಾದ ಅಲ್ಯುಮಿನಿಯಂ ಉಜ್ಜಿದರೆ ಹೊಳೆಯುತ್ತದೆ, ಆಲಿಕಲ್ಲು ಬಿದ್ದು ಆದ ತಗ್ಗುಗಳಿಂದ ಓಡಾಟಕ್ಕೆ ತೊಂದರೆಯಿಲ್ಲ. ಬೆಲೆ ಕಟ್ಟಬೇಕಾದದ್ದು ನೆಲ, ಚಾಸಿ, ಆಕ್ಸಲ್ ಈ ಮೂರಕ್ಕೆ.

ನೆಲಕ್ಕೆ ಇಷ್ಟು ಮಹತ್ವ ಬಂದದ್ದು ಗಾಡಿ ಕಟ್ಟಿದ ಕ್ರಮದಿಂದ. ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಪ್ಲೈವುಡ್ ಹಲಗೆ, ಹಲಗೆಯ ಅಂಚಿನ ಮೇಲೆ ಅಲ್ಯುಮಿನಿಯಂ ಚಾನೆಲ್ (ತೋಡಿನಾಕಾರದ ಪಟ್ಟಿ), ಆ ಚಾನೆಲ್‌ಗೆ ರಿವೆಟ್ ಹೊಡೆದ ಮೈ. ಮೈಯನ್ನೂ ಚಾಸಿಯನ್ನೂ ಹಿಡಿದಿಡುವ ಬೋಲ್ಟ್‌ಗಳು ಆ ಪ್ಲೈವುಡ್ ಮೂಲಕವೇ ಹಾದು ಹೋಗುತ್ತವೆ. ಹಲಗೆ ಕೊಳೆತರೆ ಬೋಲ್ಟ್‌ಗೆ ಕಚ್ಚಿಕೊಳ್ಳಲು ಏನೂ ಇರುವುದಿಲ್ಲ, ಮೈ ಮತ್ತು ಚಾಸಿ ಬೇರೆ ಬೇರೆಯಾಗಿ ಕುಲುಕಾಡತೊಡಗುತ್ತವೆ. ಹಿಂಭಾಗದಲ್ಲಿ ಬಚ್ಚಲುಮನೆ ಇರುವ 1970ರ ದಶಕದ ಉದ್ದನೆಯ ಮಾದರಿಗಳಲ್ಲಿ ಇದು ಹೆಚ್ಚು. ನೀರಿನ ಸೋರಿಕೆ, ಟ್ಯಾಂಕಿನ ಭಾರ ಎರಡೂ ಬಾಲದ ತುದಿಯಲ್ಲೇ ಸೇರಿರುತ್ತವೆ.

ಸ್ಥಳದಲ್ಲಿ ಮಾಡುವ ಪರೀಕ್ಷೆ

ಟಾರ್ಚು, ಉದ್ದನೆಯ ಸ್ಕ್ರೂಡ್ರೈವರ್, ಎನ್95 ಮಾಸ್ಕ್, ಕೈಗವಸು, ಮಲಗಿ ನೋಡಲು ಒಂದು ರಟ್ಟು ಒಯ್ಯಿರಿ.

ಮೊದಲು ಜೊತೆಗಿರುವವರನ್ನು ಹಿಂದಿನ ಬಂಪರ್ ಮೇಲೆ ನಿಲ್ಲಿಸಿ ಮೆಲ್ಲಗೆ ಕುಪ್ಪಳಿಸಲು ಹೇಳಿ. ನೀವು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಂಪರ್ ಮತ್ತು ಮೈ ಸೇರುವ ಗೆರೆಯನ್ನೇ ನೋಡಿ. ಎರಡೂ ಒಟ್ಟಿಗೆ ಏರಿಳಿದರೆ ಒಳ್ಳೆಯದು. ಬಂಪರ್ ಮಾತ್ರ ತಗ್ಗಿ ಮೈ ಅಲ್ಲೇ ನಿಂತರೆ ಹಿಂಭಾಗದ ಕಟ್ಟು ಬಿಟ್ಟಿದೆ. ಅಂಥ ಗಾಡಿಯನ್ನು ಕೊಳ್ಳಲೇಬಾರದೆಂದಿಲ್ಲ. ಆದರೆ ಮೈಯನ್ನು ಚಾಸಿಯಿಂದ ಎತ್ತಿ ನೆಲ ಹೊಸದಾಗಿ ಹಾಕುವ ಕೆಲಸ ಅದು, ವಾರಾಂತ್ಯಗಳಲ್ಲಿ ಮುಗಿಯುವುದಲ್ಲ. ಬೆಲೆಯನ್ನೂ ಆ ಲೆಕ್ಕದಲ್ಲೇ ಕೇಳಿ.

ಒಳಗೆ ಹೋಗಿ ನೆಲದ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚುತ್ತಾ ಬನ್ನಿ. ನಾಲ್ಕೂ ಮೂಲೆ, ಬಾಗಿಲ ಹೊಸ್ತಿಲು, ಚಕ್ರದ ಗೂಡಿನ ಸುತ್ತ, ಹಿಂದಿನ ಕಿಟಕಿಯ ಕೆಳಗೆ, ವಾಟರ್ ಹೀಟರ್ ಪಕ್ಕ ಇಷ್ಟನ್ನೂ ಬಿಡಬೇಡಿ. ಗಟ್ಟಿ ಪ್ಲೈವುಡ್ ಎದುರೊತ್ತುತ್ತದೆ, ಕೊಳೆತದ್ದು ನೆನೆದ ಹಪ್ಪಳದಂತೆ ಕುಸಿಯುತ್ತದೆ. ಮಧ್ಯದ ಹಲಗೆ ಗಟ್ಟಿಯಿದೆ ಎಂದು ಮಾರುವವರು ಕಾಲು ಕುಟ್ಟಿ ತೋರಿಸುತ್ತಾರೆ. ಮಧ್ಯದಲ್ಲಿ ಕೊಳೆಯುವುದು ಅಪರೂಪ, ಅದು ಲೆಕ್ಕಕ್ಕಿಲ್ಲ.

ಹೊರಗೆ ಕೀಲುಗಳ ಮೇಲೆ ಸಿಲಿಕೋನ್ ಬಳಿದಿದ್ದರೆ ಸೋರಿಕೆ ಹಳೆಯದು ಎಂದೇ ತಿಳಿಯಿರಿ. ಸಿಲಿಕೋನ್ ಅಲ್ಯುಮಿನಿಯಂ ಮೇಲೆ ಹೆಚ್ಚು ಕಾಲ ನಿಲ್ಲದು. ಅದರ ಜಿಡ್ಡು ಉಳಿದ ಕಡೆ ಮುಂದೆ ಹಾಕುವ ಪಾಲಿಯುರೆಥೇನ್ ಸೀಲಂಟ್ ಕೂಡ ಹಿಡಿಯದು. ಪೂರ್ತಿ ಕೆರೆದು ತೆಗೆಯಬೇಕು. 1966–68ರ ಗಾಡಿಗಳಲ್ಲಿ ಬಾಗಿದ ಕಾರ್ನಿಂಗ್ ಗಾಜಿನ ಕಿಟಕಿಗಳಿವೆ. ಒಂದು ಒಡೆದಿದ್ದರೂ ಬದಲಿ ಹುಡುಕುವುದು ಕಷ್ಟ, ಸಿಕ್ಕರೂ ದುಬಾರಿ. ಇದನ್ನು ಚೌಕಾಸಿಯ ಹೊತ್ತಿನಲ್ಲಿ ಮರೆಯಬೇಡಿ.

ಆಕ್ಸಲ್ ಬಗ್ಗೆ ಸ್ವಲ್ಪ ನಿಧಾನವಾಗಿ ನೋಡಬೇಕು. 1960ರ ದಶಕದಿಂದ ಏರ್‌ಸ್ಟ್ರೀಮ್‌ನಲ್ಲಿ ಬಂದದ್ದು ಡ್ಯೂರಾ-ಟಾರ್ಕ್ ಆಕ್ಸಲ್. ಇದಕ್ಕೆ ಪಟ್ಟಿ ಸ್ಪ್ರಿಂಗ್ ಇಲ್ಲ, ಕೊಳವೆಯೊಳಗೆ ಒತ್ತಿ ಕೂರಿಸಿದ ರಬ್ಬರ್ ದಂಡಗಳೇ ಸ್ಪ್ರಿಂಗ್. ದಶಕಗಟ್ಟಲೆ ಒಂದೇ ಭಾರ ಹೊತ್ತು ನಿಂತ ರಬ್ಬರ್ ಹಾಗೆಯೇ ಗಟ್ಟಿಯಾಗುತ್ತದೆ. ಚಕ್ರಕ್ಕೆ ಸೇರುವ ತೋಳನ್ನು ನೋಡಿ. ಗಾಡಿ ನೆಲದ ಮೇಲೆ ನಿಂತಾಗ ತೋಳು ಹಿಂದಕ್ಕೆ ಇಳಿಜಾರಾಗಿರಬೇಕು. ಅದು ಮಟ್ಟವಾಗಿದ್ದರೆ ಅಥವಾ ಮೇಲ್ಮುಖವಾಗಿದ್ದರೆ ಆಕ್ಸಲ್ ಮುಗಿದಿದೆ. ಮೆಲ್ಲಗೆ ಮನೆಗೆ ತರಲು ಅಡ್ಡಿಯಿಲ್ಲ, ದೂರದ ಪ್ರವಾಸಕ್ಕೆ ಬೇಡ. ರಸ್ತೆಯ ಪ್ರತಿ ಹೊಡೆತ ನೇರವಾಗಿ ಮೈಗೆ ತಾಗಿ ರಿವೆಟ್‌ಗಳು ಸಡಿಲವಾಗುತ್ತವೆ.

ಇಲಿ ಹೊಕ್ಕಿದ ಗಾಡಿಯಾದರೆ ಹಿಕ್ಕೆಯನ್ನು ಒಣಗುಡಿಸಬೇಡಿ. ಹಿಕ್ಕೆಯ ಧೂಳು ಉಸಿರಿಗೆ ಹೋದರೆ ತಗಲುವ ಹ್ಯಾಂಟಾ ವೈರಸ್‌ನ ಅಪಾಯವಿದೆ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ನೆನೆದ ಮೇಲೆ ಒರೆಸಿ ತೆಗೆಯಿರಿ.

ಕಾಗದಪತ್ರ

ಟೈಟಲ್ (ಒಡೆತನದ ಪತ್ರ) ಮೇಲಿನ ಸೀರಿಯಲ್ ನಂಬರ್ ಮತ್ತು ಗಾಡಿಯ ಮೇಲಿನ ನಂಬರ್ ಅಕ್ಷರ ಬಿಡದೆ ತಾಳೆಯಾಗಬೇಕು. ಮಾರುವವರ ಹೆಸರೇ ಟೈಟಲ್‌ನಲ್ಲಿರಬೇಕು. "ಟೈಟಲ್ ಕಳೆದಿದೆ, ಬಿಲ್ ಆಫ್ ಸೇಲ್ ಬರೆದುಕೊಡುತ್ತೇನೆ" ಎಂದರೆ ಹಣ ಕೊಡುವ ಮುನ್ನ ನಿಮ್ಮ ರಾಜ್ಯದ ಮೋಟಾರು ವಾಹನ ಕಚೇರಿಯಲ್ಲಿ ವಿಚಾರಿಸಿ, ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ನಂಬರ್ ಪ್ಲೇಟ್ ಇಲ್ಲದ ಗಾಡಿಗೆ ತಾತ್ಕಾಲಿಕ ಪರ್ಮಿಟ್ ಬೇಕೇ, ವಿಮೆ ಎಳೆಯುವ ವಾಹನದ್ದೇ ಸಾಕೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಹೊರಡುವ ಮುನ್ನ

ಟೈರಿನ ಪಕ್ಕದಲ್ಲಿ DOT ಎಂದು ಆರಂಭವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ, ಟೈರು ತಯಾರಾದ ವಾರ ಮತ್ತು ವರ್ಷ ಅದು. 2314 ಎಂದರೆ 2014ರ 23ನೇ ವಾರ. ಆರು ವರ್ಷ ದಾಟಿದ ಟೈರಿನಲ್ಲಿ ಹೆದ್ದಾರಿಗೆ ಇಳಿಯಬೇಡಿ, ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಿರಲಿ. ನಿಂತ ಗಾಡಿಯ ಟೈರು ಸವೆಯುವುದಿಲ್ಲ, ಒಳಗೇ ಒಣಗುತ್ತದೆ. ವೇಗದಲ್ಲಿ ಅದು ಸೀಳಿದಾಗ ರಬ್ಬರ್ ಪಟ್ಟಿ ಚಕ್ರದ ಗೂಡಿನ ಅಲ್ಯುಮಿನಿಯಂ ಅನ್ನೂ ಹರಿದು ಹಾಕುತ್ತದೆ. ಟ್ರೇಲರ್‌ಗೆಂದೇ ಮಾಡಿದ ಎಸ್‌ಟಿ ಟೈರ್ ಹಾಕಿಸಿ.

ಚಕ್ರ ಬಿಚ್ಚಿದಾಗಲೇ ಬೇರಿಂಗ್ ಕೆಲಸ ಮುಗಿಸಿ. ಜಾಕ್ ಅನ್ನು ಚಾಸಿಗೆ ಕೊಡಿ, ಆಕ್ಸಲ್ ಕೊಳವೆಗೆ ಕೊಡಬೇಡಿ, ಅದು ಬಾಗುತ್ತದೆ. ಹಳೆಯ ಗ್ರೀಸ್ ತೊಳೆದು, ರೋಲರ್ ಮತ್ತು ರೇಸ್ (ರೋಲರ್‌ಗಳು ಉರುಳುವ ಉಕ್ಕಿನ ಬಳೆ) ಮೇಲೆ ಚುಕ್ಕೆ ಬಿದ್ದಿದೆಯೇ, ನೀಲಿ ತಿರುಗಿದೆಯೇ ನೋಡಿ. ಇದ್ದರೆ ಎರಡನ್ನೂ ಜೋಡಿಯಾಗಿ ಬದಲಿಸಿ. ಹೊಸ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸನ್ನು ರೋಲರ್‌ಗಳ ಸಂದಿಯಿಂದ ಆಚೆ ಬರುವವರೆಗೆ ಒತ್ತಿ ತುಂಬಿ. ಚಕ್ರ ತಿರುಗಿಸುತ್ತಾ ನಟ್ ಬಿಗಿಸಿ, ಸಡಿಲಿಸಿ, ಮತ್ತೆ ಬೆರಳಬಿಗಿಯಷ್ಟಕ್ಕೆ ತಂದು ನಟ್ ತಿರುಗದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕಿ. ಹೆಚ್ಚು ಬಿಗಿದರೆ ಬೇರಿಂಗ್ ಸುಡುತ್ತದೆ.

ಕಾರಿನ ಹಿಂದಿನ ಕೊಂಡಿಯ ಗುಂಡು ಹಿಚ್ ಬಾಲ್, ಅದರ ಮೇಲೆ ಕೂರುವ ಟ್ರೇಲರ್ ಮೂತಿ ಕಪ್ಲರ್. ಬಾಲ್‌ನ ಅಳತೆ ಕಪ್ಲರ್ ಮೇಲೆ ಕೊರೆದಿರುತ್ತದೆ, ಸಾಮಾನ್ಯವಾಗಿ 2 ಇಂಚು ಅಥವಾ 2 5/16 ಇಂಚು. ದೊಡ್ಡ ಕಪ್ಲರ್ ಒಳಗೆ 2 ಇಂಚಿನ ಬಾಲ್ ಕೂತಂತೆ ಕಾಣುತ್ತದೆ, ಚಿಲಕವೂ ಬೀಳುತ್ತದೆ, ಮೊದಲ ಉಬ್ಬಿಗೆ ಹಾರಿ ಬರುತ್ತದೆ. ಆದ್ದರಿಂದ ಚಿಲಕ ಹಾಕಿದ ಮೇಲೆ ಮುಂದಿನ ಜಾಕ್ ತಿರುಗಿಸಿ ಕಾರಿನ ಹಿಂಭಾಗ ಒಂದೆರಡು ಇಂಚು ಏಳುವಂತೆ ಮಾಡಿ. ಕಪ್ಲರ್ ಬಿಡದಿದ್ದರೆ ಸರಿ. ಸರಪಳಿಗಳನ್ನು ಕೆಳಗೆ ಕತ್ತರಿಯಾಕಾರದಲ್ಲಿ ಹಾಕಿ. ಟ್ರೇಲರ್ ಕಳಚಿಕೊಂಡರೆ ಸ್ವಿಚ್ಚು ಎಳೆದು ಅದರ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ತಂತಿಯನ್ನು ಸರಪಳಿಗೆ ಸಿಕ್ಕಿಸದೆ ಎಳೆಯುವ ವಾಹನಕ್ಕೇ ಕಟ್ಟಿ. ಟ್ರೇಲರ್‌ನ ಬ್ಯಾಟರಿ ಸತ್ತಿದ್ದರೆ ಆ ಸ್ವಿಚ್ಚಿನಿಂದ ಪ್ರಯೋಜನವಿಲ್ಲ, ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಒಯ್ಯಿರಿ.

ಹಿಂಬದಿಯ ಲೈಟುಗಳಿಗೆ ಹಳೆಯ ವೈರಿಂಗ್ ನಂಬಬೇಡಿ, ಬೇರೆ ಲೈಟು ಹಾಕಿ. ಬಾಡಿಗೆಗೂ ಸಿಗುವ ಆಯಸ್ಕಾಂತದ ಲೈಟುಗಳು ಅಲ್ಯುಮಿನಿಯಂಗೆ ಅಂಟುವುದಿಲ್ಲ. ಉಕ್ಕಿನ ಬಂಪರ್‌ಗೆ ಹಾಕಿ, ಮೇಲೆ ಕಟ್ಟುಪಟ್ಟಿ ಬಿಗಿಯಿರಿ. ಬ್ರೇಕ್ ಕೆಲಸ ಮಾಡದ ಭಾರದ ಗಾಡಿಯನ್ನು ಎಳೆಯುವ ಬದಲು ತಗ್ಗುಹಾಸಿನ ಲಾರಿಯ ಮೇಲೆ ತರಿಸಿ. ಹಾಸು ಎತ್ತರದ್ದಾದರೆ ಹಲವು ರಾಜ್ಯಗಳ 13 ಅಡಿ 6 ಇಂಚಿನ ಮಿತಿ ಮೀರೀತು, ಅಳೆದು ನೋಡಿ.

ಭಾರದ ಲೆಕ್ಕ

ಹಿಚ್ ಮೇಲೆ ಒಟ್ಟು ಭಾರದ ಶೇ 10ರಿಂದ 15ರಷ್ಟು ಇರಬೇಕು. 4,000 ಪೌಂಡಿನ ಗಾಡಿಗೆ 400ರಿಂದ 600 ಪೌಂಡ್. ಬಾತ್‌ರೂಮ್ ತಕ್ಕಡಿಯಲ್ಲೇ ಅಳೆಯಬಹುದು. ಗಟ್ಟಿ ಮರದ ತೊಲೆಯ ಒಂದು ತುದಿ ಇಟ್ಟಿಗೆಯ ಮೇಲೆ, ಅಲ್ಲಿಂದ 4 ಅಡಿ ದೂರದಲ್ಲಿ ತಕ್ಕಡಿ, ಇಟ್ಟಿಗೆಯಿಂದ 1 ಅಡಿಗೆ ಮುಂದಿನ ಜಾಕ್. ತಕ್ಕಡಿ ತೋರಿದ್ದನ್ನು 4ರಿಂದ ಗುಣಿಸಿ. ಈ ಭಾರ ಕಾರಿನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಪೇಲೋಡ್‌ನಿಂದಲೇ (ಕಾರು ಹೊರಬಲ್ಲ ಭಾರ) ಕಳೆಯುತ್ತದೆ. ಪೇಲೋಡ್ 1,200, ಹಿಚ್ 500, ಜನ 400 ಆದರೆ ಸಾಮಾನಿಗೆ ಉಳಿಯುವುದು 300 ಪೌಂಡ್.

ದುರಸ್ತಿಗೆ ಬಂದ ಗಾಡಿಯಲ್ಲಿ ಬಿಚ್ಚಿದ ಸಾಮಾನನ್ನೆಲ್ಲ ಹಿಂಬದಿ ಪೇರಿಸಿರುತ್ತಾರೆ. ಹಾಗೇ ಎಳೆದರೆ ಹಿಚ್ ಹಗುರಾಗಿ ಬಾಲ ಓಲಾಡುತ್ತದೆ. ಎಲ್ಲವನ್ನೂ ಆಕ್ಸಲ್‌ನ ಮುಂದಕ್ಕೆ, ನೆಲಮಟ್ಟಕ್ಕೆ ಸರಿಸಿ ಕಟ್ಟಿ. ಓಲಾಟ ಬಂದರೂ ಕಾರಿನ ಬ್ರೇಕ್ ಒತ್ತಬೇಡಿ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಲರೇಟರ್ ಬಿಟ್ಟು, ಚಾಲಕರ ಬಳಿ ಇರುವ ಬ್ರೇಕ್ ಕಂಟ್ರೋಲರ್‌ನ ಕೈ ಲಿವರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಹಿಡಿಯಿರಿ.

ಚಾವಣಿಯ ಗಾಳಿಕಿಂಡಿ, ಬಾಗಿಲು, ಕಿಟಕಿ ಪಟ್ಟಿ ಹಾಕಿ ಬಿಗಿಯದೆ ಹೊರಡಬೇಡಿ. ಮೊದಲ ಪ್ರಯಾಣ ಹಗಲಲ್ಲಿ, ಗಂಟೆಗೆ 50–55 ಮೈಲಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವಾಗ 55 ಕಾನೂನಿನ ಮಿತಿಯೂ ಹೌದು. 10 ಮೈಲಿಗೆ ನಿಲ್ಲಿಸಿ ಪ್ರತಿ ಚಕ್ರದ ನಡುವಿನ ಹಬ್ ಹತ್ತಿರ ಅಂಗೈ ತನ್ನಿ. ಬೆಚ್ಚಗಿದ್ದರೆ ಸಹಜ. ಒಂದು ಮಾತ್ರ ಮುಟ್ಟಲಾಗದಷ್ಟು ಕಾದಿದ್ದರೆ ಆ ಬೇರಿಂಗ್ ಬಿಚ್ಚದೆ ಮುಂದೆ ಹೋಗಬೇಡಿ. 50 ಮೈಲಿಗೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಯಿರಿ.