ಎಳೆಗೂಸಿನ ಮೆದುಳಿನ ಎಂಆರ್‌ಐ: ಮೊದಲು ನಿದ್ದೆ, ಆಮೇಲೆ ಸೀಕ್ವೆನ್ಸ್

ಮೂರು ತಿಂಗಳೊಳಗಿನ ಬಹುಪಾಲು ಮಕ್ಕಳಿಗೆ ಮಂಪರು ಬರಿಸುವ ಔಷಧಿ ಕೊಡದೆಯೇ ಮೆದುಳಿನ ಸ್ಕ್ಯಾನ್ ಮಾಡಬಹುದು. ಹಾಲೂಡಿಸಿ, ಬೆಚ್ಚಗೆ ಸುತ್ತಿ ಮಲಗಿಸಿದರೆ ಸಾಕು. ತಾಯಿ ಮಗುವನ್ನು ಸ್ವಲ್ಪ ಹಸಿದಿರುವಂತೆಯೇ ಕರೆತಂದು, ಸ್ಕ್ಯಾನಿಗೆ ಅರ್ಧ ಗಂಟೆ ಮೊದಲು ಹಾಲು ಕೊಟ್ಟು, ತೇಗು ಬರಿಸಿದ ಮೇಲೆ ಸುತ್ತಬೇಕು. ಎಂಆರ್‌ಐ ಯಂತ್ರ ಬಲವಾದ ಅಯಸ್ಕಾಂತವಾದ್ದರಿಂದ, ಸುತ್ತುವ ಮುನ್ನ ಬಟ್ಟೆಯನ್ನು ಪೂರ್ತಿ ಬಿಚ್ಚಿ ಮೈಮೇಲೆ ಲೋಹವೇನಾದರೂ ಇದೆಯೇ ಎಂದು ನೋಡುವುದು ಕಡ್ಡಾಯ. ನಮ್ಮ ಕಡೆಯ ಮಕ್ಕಳಲ್ಲಿ ಉಡಿದಾರದ ಬೆಳ್ಳಿ ಗುಂಡು, ತಾಯತ, ಕಾಲ್ಗಡಗ, ಅಂಗಿಯ ಟಿಚ್ ಬಟನ್ ಇವೆಲ್ಲ ಇದ್ದೇ ಇರುತ್ತವೆ. ಕೇಳಿದರೆ ‘ಏನೂ ಇಲ್ಲ’ ಎನ್ನುವ ಅಜ್ಜಿಯ ಮಾತನ್ನು ನಂಬದೆ ಕೈಯಿಂದಲೇ ಸವರಿ ನೋಡಬೇಕು. ದೃಷ್ಟಿಬೊಟ್ಟನ್ನೂ ಒರೆಸಿಬಿಡಿ.

ಯಂತ್ರದ ಸದ್ದು 100 ಡೆಸಿಬೆಲ್ ದಾಟುವುದರಿಂದ ಕಿವಿಗೆ ಎರಡು ಪದರದ ರಕ್ಷಣೆ ಬೇಕು: ಅಂಟಿಸುವ ಪುಟ್ಟ ಮುಚ್ಚಳ, ಅದರ ಮೇಲೆ ಫೋಮ್ ಒತ್ತು. ಮಗುವಿನ ಕಾಯಿಲ್ (ದೇಹದಿಂದ ಬರುವ ಸಿಗ್ನಲ್ ಹಿಡಿಯುವ ಸುರುಳಿ) ಇಲ್ಲದಿದ್ದರೆ ದೊಡ್ಡವರ ತಲೆಯ ಕಾಯಿಲ್‌ಗಿಂತ ಮೊಣಕಾಲಿನ ಕಾಯಿಲ್ ಎಷ್ಟೋ ವಾಸಿ, ಏಕೆಂದರೆ ಕಾಯಿಲ್ ತಲೆಗೆ ಹತ್ತಿರವಾದಷ್ಟೂ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ತೂಕವನ್ನು ಸರಿಯಾಗಿ ನಮೂದಿಸಿ. ದೇಹಕ್ಕೆ ಸೇರುವ ಶಾಖದ ಮಿತಿಯನ್ನು ಯಂತ್ರ ಲೆಕ್ಕ ಹಾಕುವುದು ಅದರ ಮೇಲೆಯೇ. ಆಕ್ಸಿಜನ್ ಮಟ್ಟವನ್ನು ಎಂಆರ್‌ಐ ಕೋಣೆಗೆ ಹೊಂದುವ ಪ್ರೋಬ್‌ನಿಂದ ಸ್ಕ್ಯಾನ್ ಮುಗಿಯುವವರೆಗೂ ಗಮನಿಸುತ್ತಿರಬೇಕು.

ಹೆಚ್ಚು ತಪ್ಪಾಗುವುದು ಸೀಕ್ವೆನ್ಸ್‌ಗಳಲ್ಲಿ, ಅಂದರೆ ಒಂದೊಂದು ಬಗೆಯ ಚಿತ್ರ ತೆಗೆಯಲು ಯಂತ್ರಕ್ಕೆ ಕೊಡುವ ಹೊಂದಿಕೆಗಳಲ್ಲಿ. ಹಸುಗೂಸಿನ ಮೆದುಳಿನಲ್ಲಿ ನೀರಿನಂಶ ಬಹಳ ಹೆಚ್ಚು, ಮೈಲಿನ್ (ನರತಂತುಗಳ ಕೊಬ್ಬಿನ ಹೊದಿಕೆ) ತೀರ ಕಡಿಮೆ. ಹೀಗಾಗಿ ಟಿ1 (ಅಂಗಾಂಶ ಮೊದಲ ಸ್ಥಿತಿಗೆ ಮರಳುವ ಅವಧಿ), ಟಿ2 (ಸಿಗ್ನಲ್ ಕುಂದುವ ಅವಧಿ) ಎರಡೂ ದೀರ್ಘವಾಗಿರುತ್ತವೆ. ಹಿರಿಯರ ಟಿ2 ಸೀಕ್ವೆನ್ಸನ್ನು ಹಾಗೆಯೇ ಓಡಿಸಿದರೆ ಬೂದು ಮತ್ತು ಬಿಳಿ ಭಾಗಗಳ ವ್ಯತ್ಯಾಸ ಮಸುಕಾಗುತ್ತದೆ. 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ ಟಿಇಯನ್ನು (ಅಲೆ ಕಳಿಸಿದ ಮೇಲೆ ಸಿಗ್ನಲ್ ಹಿಡಿಯುವವರೆಗಿನ ಸಮಯ) 120–160 ಮಿಲಿಸೆಕೆಂಡುಗಳ ಮಟ್ಟಕ್ಕೆ ಏರಿಸಿ, ಟಿಆರ್ (ಒಂದು ಅಲೆಯಿಂದ ಮುಂದಿನ ಅಲೆಯವರೆಗಿನ ಸಮಯ) ಅನ್ನೂ ಹೆಚ್ಚಿಸಿ, ಪ್ರತಿ ಸ್ಲೈಸ್‌ನ (ಚಿತ್ರದ ಪದರದ) ದಪ್ಪವನ್ನು 2–3 ಮಿಲಿಮೀಟರಿಗೆ ಇಳಿಸಿದರೆ ಚಿತ್ರಕ್ಕೆ ಜೀವ ಬರುತ್ತದೆ. ಮೊದಲ ಆರು ತಿಂಗಳು ಮೈಲಿನ್ ಬೆಳವಣಿಗೆಯನ್ನು ಟಿ1ನಲ್ಲಿ ಓದುವುದು ಸುಲಭ: ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಇಂಟರ್ನಲ್ ಕ್ಯಾಪ್ಸೂಲ್‌ನ (ಮೆದುಳಿನ ಒಳಗಿನ ನರತಂತುಗಳ ಪಟ್ಟಿ) ಹಿಂಭಾಗದಲ್ಲಿ ಬೆಳ್ಳನೆಯ ಗೆರೆ ಕಾಣಬೇಕು. ನವಜಾತರಲ್ಲಿ ಫ್ಲೇರ್‌ನಿಂದ (ಮೆದುಳಿನ ದ್ರವದ ಹೊಳಪನ್ನು ಅಡಗಿಸುವ ಸೀಕ್ವೆನ್ಸ್) ಹೆಚ್ಚಿನ ಉಪಯೋಗವಿಲ್ಲ, ಸಮಯವಷ್ಟೇ ಹಾಳು.

ಹುಟ್ಟುವಾಗ ಉಸಿರುಗಟ್ಟಿದ ಮಗುವಿಗೆ ಡಿಫ್ಯೂಷನ್ (ಅಂಗಾಂಶದಲ್ಲಿ ನೀರಿನ ಕಣಗಳ ಚಲನೆ ತೋರಿಸುವ ಸೀಕ್ವೆನ್ಸ್) ತೆಗೆಯುವ ದಿನವೇ ನಿರ್ಣಾಯಕ. ಮೊದಲ ದಿನವೇ ತೆಗೆದರೆ ಹಾನಿ ಕಡಿಮೆ ಕಂಡೀತು, ವಾರ ಕಳೆದರೆ ಹಾನಿಯಾದ ಭಾಗವೂ ಸರಿಯಾಗಿರುವಂತೆ ತೋರೀತು. 72 ಗಂಟೆಗಳ ತಂಪು ಚಿಕಿತ್ಸೆ (ಮೆದುಳನ್ನು ಕಾಪಾಡಲು ಮೈಯನ್ನು ತಣ್ಣಗಿಡುವುದು) ಪಡೆದವರಿಗೆ ಮೈ ಬೆಚ್ಚಗಾದ ನಂತರ, ನಾಲ್ಕೈದನೆಯ ದಿನ ಸೂಕ್ತ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಚಿತ್ರ ಓದುವವರಿಗೆ ಹೆರಿಗೆಯಾದಾಗ ಗರ್ಭಕ್ಕೆ ಎಷ್ಟು ವಾರವಾಗಿತ್ತು ಎಂಬುದನ್ನೂ ಬರೆದು ಕಳಿಸಬೇಕು.

ಮಗು ಯಾವಾಗ ಎಚ್ಚರಗೊಳ್ಳುತ್ತದೋ ಹೇಳಲಾಗದು; ಆದ್ದರಿಂದ ವೈದ್ಯರ ಪ್ರಶ್ನೆಗೆ ನೇರ ಉತ್ತರ ಕೊಡುವ ಸೀಕ್ವೆನ್ಸ್ ಮೊದಲು, ಉಳಿದವು ಆಮೇಲೆ. ಸದ್ದು ಜೋರಾಗಿರುವ ಡಿಫ್ಯೂಷನ್ ಅವಸರದ್ದಲ್ಲದಿದ್ದರೆ ಅದನ್ನು ಕೊನೆಗಿಡಬಹುದು. ಎಲ್ಲ ಮುಗಿಯಿತೆಂದು ಸುತ್ತಿದ ಬಟ್ಟೆ ಬಿಚ್ಚುವ ಮುನ್ನ ಪ್ರತಿ ಚಿತ್ರವನ್ನೂ ಒಮ್ಮೆ ನೋಡಿಕೊಳ್ಳಿ. ಅಲುಗಿದ್ದೊಂದನ್ನು ಮತ್ತೆ ತೆಗೆಯಲು ಆ ನಿದ್ದೆಯಲ್ಲೇ ಇನ್ನೂ ಎರಡು ನಿಮಿಷ ಉಳಿದಿರಬಹುದು.